ತೆಗೆದ ಕಲ್ಲು

ಟಿಗ್ರೇ ಸೀಮೆಯ ಬೆಟ್ಟ. ಬಂಡೆ ಕೊರೆದ ಇಗರ್ಜಿಗೆ
ಬೀಗ. ಕೀಲಿ ಹೊಲದಲ್ಲಿದೆಯಂತೆ,
ಪಾದ್ರಿ ಹಲೆಫೋಮ್ ಉಳುತ್ತಿದ್ದಾನೆ,
ಎತ್ತು ಬಿಚ್ಚಿ ಬರಬೇಕು.

ಬಂದ. ಚಪ್ಪಲಿ ಕೆಳಗೇ ಬಿಟ್ಟು
ಸವೆದ ಗುಳಿಗಳಲ್ಲಿ ಬೆರಳೂರಿ ಹತ್ತಿದೆವು.
ಒಳಗೆ ಮೇಣದ ಕಮಟು,
ಮಸಿ ಹಿಡಿದ ಸಂತರು, ಕಣ್ಣು ಮಾತ್ರ ನಿಚ್ಚಳ.

ಎಲ್ಲರೂ ಕೇಳುವುದನ್ನೇ ಕೇಳಿದೆ:
ಯಾರು ಕೊರೆದದ್ದು? ಎಷ್ಟು ವರ್ಷ ಹಿಡಿಯಿತು?
ಅವನಿಗದು ಬೇಡ. ನನ್ನನ್ನೇ ಕೇಳಿದ:
"ತೆಗೆದ ಕಲ್ಲೆಲ್ಲ ಎಲ್ಲಿ ಹೋಯಿತು, ಹೇಳು?"

ಇಳಿಯುತ್ತ ತೋರಿಸುತ್ತ ಬಂದ:
ಹೊಲದ ಬದು, ದನದ ದೊಡ್ಡಿ, ಒಲೆಯ ಗುಂಡು,
ಒಂದು ಪುಟ್ಟ ಗೋರಿಯ ತಲೆದೆಸೆ
(ಅಲ್ಲಿ ನಿಲ್ಲಲಿಲ್ಲ),
ಹೆಂಡತಿ ಅಬ್ರೆಹೆತ್ ಮಂಡಿಯೂರಿ ಬೀಸುತ್ತಿದ್ದ ಕಲ್ಲು.

ಅವಳು ಕೊಟ್ಟ ಜವೆಗೋದಿ ರೊಟ್ಟಿಯಲ್ಲಿ
ಕಟಕ್ಕೆಂದಿತು
ಹಲ್ಲಿಗೊಂದು ಹರಳು.

ಉಗುಳಲಿಲ್ಲ.