ನಡುವಿನ ಗುರು

ಬೇತ್ರಿ ಸೇತುವೆಯ ಕೆಳಗೆ, ಮೊಣಕಾಲುದ್ದ ನೀರಿನಲ್ಲಿ
ಮೇದಪ್ಪಣ್ಣ ಹಡಗು ಇಳಿಸುತ್ತಿದ್ದಾರೆ.
ಎರಡು ಮೊಳ ಉದ್ದ. ಒಡಲು ಹಳೇ ರೊಬಸ್ಟಾ ಬುಡದ ಮರ.
ಮೂರು ಮೂರರಂತೆ ಐದು ಗೋಪುರ, ಹದಿನೈದು ಫಿರಂಗಿ;
ನಳಿಗೆಗೆಲ್ಲ ಮುಳ್ಳುಹಂದಿಯ ಮುಳ್ಳು.

ವಿಶಾಖಪಟ್ಟಣದಲ್ಲಿ ಇಪ್ಪತ್ತೆರಡು ವರ್ಷ
ಹಡಗುಗಳ ಹೊಟ್ಟೆ ಬೆಸೆದ ಕೈ.
"ಟೀಚರೇ, ಜಪಾನಿನವರು ಕ್ರೂಸರಿಗೆ
ಹೊಳೆಯ ಹೆಸರಿಟ್ಟರೆ ಹಗುರದ್ದು, ಬೆಟ್ಟದ್ದಿಟ್ಟರೆ ಭಾರದ್ದು.
ಇದು ಹೊಳೆ. ಮೊಗಾಮಿ.
ಕಾಗದದಲ್ಲಿ ಎಂಟೂವರೆ ಸಾವಿರ ಟನ್ನು.
ಅಷ್ಟು ತೂಗಿದ್ದು ಕಾಗದ ಮಾತ್ರ."

ಮೂರ್ನಾಡಿನಲ್ಲಿ ಒಂಬತ್ತನೇ ತರಗತಿಗೆ ಛಂದಸ್ಸು ಕಲಿಸುವವಳು,
ಕೈ ಸುಮ್ಮನಿರಲಿಲ್ಲ; ಮರಳಲ್ಲಿ ಕಡ್ಡಿಯಿಂದ ಪ್ರಸ್ತಾರ ಹಾಕಿದೆ:
ಮೊ ಲಘು, ಗಾ ಗುರು, ಮಿ ಲಘು.
ಜಗಣ. ಎರಡು ಹಗುರಗಳ ನಡುವೆ
ಬಚ್ಚಿಟ್ಟ ಒಂದು ಭಾರ.
ಬಗ್ಗಿ ನೋಡಿದರು. ನಗಲಿಲ್ಲ.
"ಪರೀಕ್ಷೆಯಲ್ಲೇ ಬೆಸುಗೆ ಬಾಯಿ ಬಿಟ್ಟಿತ್ತು," ಎಂದರು.

ಹಡಗು ಮಗುಚಿತು.
ನೀರು ಕುಡಿದದ್ದನ್ನು ಎತ್ತಿ, ಒರೆಸಿ,
ಎರಡೂ ಪಕ್ಕೆಗೆ ಸಿಲ್ವರ್ ಓಕಿನ ಪಟ್ಟಿ ಬಿಗಿಯುತ್ತ
"ಅವರೂ ಹೀಗೇ ಮಾಡಿದ್ದು," ಎಂದರು,
ಆಮೇಲೆ, ಕೇಳದೆಯೇ, ಅಪ್ಪನ ಮಾತು.

ನಲವತ್ತೆರಡರ ಏಪ್ರಿಲ್, ಬಂಗಾಳ ಕೊಲ್ಲಿ.
ಸೆಣಬಿನ ಹಡಗಿನ ವೈರ್‌ಲೆಸ್ ಉತ್ತಯ್ಯ
ಒಂದು ರಾತ್ರಿ, ಒಂದು ಹಗಲು, ಬಾಗಿಲ ಹಲಗೆ ತಬ್ಬಿ ತೇಲಿದರು.
ಹೊಡೆದದ್ದು ಯಾವುದು, ಕೊನೆಗೂ ತಿಳಿಯಲಿಲ್ಲ:
ಮೊಗಾಮಿಯೋ, ಮಿಕುಮವೋ,
ಸುಜುಯವೋ, ಕುಮಾನೊವೋ.
ನಾಲ್ಕೂ ಹೊಳೆಗಳೆಂದು ಯಾರೋ ಹೇಳಿದ ದಿನ
ನೆಟ್ಟಗೆ ಇಲ್ಲಿಗೆ ಬಂದು, ಇದೇ ಕಲ್ಲಿನ ಮೇಲೆ ಕುಳಿತು,
ಕಾವೇರಿಯನ್ನು ಕೇಳಿದರಂತೆ.
"ಅಪ್ಪನ ತಕ್ಕು ಕನ್ನಡಕ್ಕೆ ಸರಿಯಾಗಿ ಬರುವುದಿಲ್ಲ, ಟೀಚರೇ.
ಹತ್ತಿರಹತ್ತಿರ ಹೀಗೆ:
ನಿನಗೆ ಗೊತ್ತಿತ್ತಾ?"

ಸೇತುವೆಯ ಮೇಲೆ ಮೆಣಸಿನ ಲಾರಿ ಹೋಯಿತು.
ನಾಲ್ಕೂ ಮುಳುಗಿದವು, ಎರಡೂವರೆ ವರ್ಷದೊಳಗೆ.
ಆ ಹೊಳೆಗಳು ಮಾತ್ರ ಅಲ್ಲಿ ಈಗಲೂ ಇವೆಯಂತೆ;
ಬಟ್ಟೆ ಒಗೆಯುತ್ತಾರೋ ಏನೋ.

ಈ ಸಲ ತೇಲಿತು. ಎಡಕ್ಕೆ ಒಂದಿಷ್ಟು ವಾಲಿ,
ಮುಳ್ಳುಗಳನ್ನು ನಮ್ಮತ್ತ ತಿರುಗಿಸಿ.
ಕಾವೇರಿಗೂ ಪ್ರಸ್ತಾರ ಹಾಕೋಣವೆಂದು ಕಡ್ಡಿ ಎತ್ತಿದ್ದೆ.
"ದಾರ ಹಿಡೀರಿ, ಬೀಡಿ ಹಚ್ಚುತ್ತೇನೆ."

ಹಿಡಿದೆ.
ಎರಡು ಮೊಳದ ಹಡಗು
ಇಷ್ಟು ಎಳೆಯುತ್ತದೆಂದು ಗೊತ್ತಿರಲಿಲ್ಲ.