ದಾರೂಖಾನಾದ ಬಳಪ

ಹಡಗು ಒಡೆಯುವ ಅಂಗಳದಲ್ಲಿ ಅಪ್ಪನಿಗಿದ್ದದ್ದು ಒಂದೇ ಕೆಲಸ:
ಗೆರೆ ಎಳೆಯುವುದು.
ಎಲ್ಲಿ ಕೊಯ್ಯಬೇಕೆಂದು ಗ್ಯಾಸ್‌ಕಟರಿನವನಿಗೆ ತೋರಿಸುವುದು.
ಕಿಸೆಯಲ್ಲಿ ಚಪ್ಪಟೆ ಬಳಪದ ನಾಕು ತುಂಡು,
ಕಿವಿಯ ಮೇಲೊಂದು.
ಸೀಮೆಸುಣ್ಣವಾದರೆ ಕಡಲ ತೇವಕ್ಕೇ ಅಳಿಸುತ್ತದೆ,
ಬಣ್ಣವಾದರೆ ಬೆಂಕಿ ಮುಟ್ಟುವ ಮೊದಲೇ ಹೊಗೆ.
ಬಳಪದ ಗೆರೆ ಮಾತ್ರ
ನೀಲಿ ಜ್ವಾಲೆ ಮೂಗಿನ ಹತ್ತಿರ ಬಂದರೂ
ಕಬ್ಬಿಣದ ಮೇಲೆ ನಿಂತೇ ಇರುತ್ತದೆ.

ಯಾದಗಿರಿ ಕಡೆಯ ಹಯ್ಯಾಳಪ್ಪ
ಬಿಹಾರದ ಹುಡುಗರ ಬಾಯಲ್ಲಿ 'ಲಕೀರ್ ಮಾಸ್ತರ್'.
ಮೂರನೆಯ ಇಯತ್ತೆಗೇ ನಿಂತವನು.
"ಶಾಲಿ ಬಿಟ್ಟೆ ಖರೆ, ಬಳಪ ಬಿಡಲಿಲ್ಲ ನೋಡು."

ಈಗ ನಾನು ಮಾಟುಂಗದ ಕಾಲೇಜೊಂದರಲ್ಲಿ
ಕಲ್ಲಿನ ಕಪಾಟುಗಳ ಬೀಗದಕೈ ಕಾಯುವವಳು.
ಗಡಸುತನದ ಪೆಟ್ಟಿಗೆಯಲ್ಲಿ ಹತ್ತು ಗುಳಿ.
ಹತ್ತನೆಯದು ಖಾಲಿ, ವಜ್ರ ಯಾರು ಕೊಡುತ್ತಾರೆ?
ಮೊದಲನೆಯದರಲ್ಲಿ ಬಳಪ.
ಹುಡುಗಿಯರು ಉಗುರಿನಿಂದ ಗೀರಿ, ಬೆರಳು ತಿಕ್ಕಿ
"ಅಯ್ಯ, ಸಾಬೂನು!" ಎನ್ನುತ್ತಾರೆ.
ವರ್ಷಕ್ಕೊಮ್ಮೆ ಸವೆದ ತುಂಡು ಬದಲಿಸುತ್ತೇನೆ.
ಉಳಿದ ಎಂಟು ಹಾಗೇ ಇವೆ.

ಇದು ಹುಟ್ಟಿದ್ದು ನೀರಿನಿಂದ ಎಂದರೆ ಅಪ್ಪ ನಗುತ್ತಿದ್ದ.
"ಕಲ್ಲು ನೀರು ಕುಡೀತಾವೇನ?"
ಕುಡಿಯುತ್ತವೆ, ಅಪ್ಪ.
ಯಾವ ಹಡಗಿನ ಲಂಗರೂ ಮುಟ್ಟದ ಆಳದಲ್ಲಿ
ಕಡಲ ತಳ ಬಿರಿದಲ್ಲಿ
ಭೂಮಿಯ ಒಡಲಿಂದ ಎದ್ದುಬಂದ ಗಿಣಿಹಸಿರು ಕಲ್ಲು,
ಹುಟ್ಟಿದಂದಿನಿಂದ ನೀರೇ ಕಾಣದ್ದು.
ಬಿರುಕಿಗೆ ಉಪ್ಪುನೀರು ಇಳಿಯುತ್ತದೆ,
ಕಾಯುತ್ತ ಕಾಯುತ್ತ ಹರಳಿನೊಳಗೇ ಮನೆ ಮಾಡುತ್ತದೆ.
ನೆನೆಸಿಟ್ಟ ಕಡಲೆಯ ಹಾಗೆ ಕಲ್ಲು ಉಬ್ಬುತ್ತದೆ.
ಹಾವಿನ ಮೈಬಣ್ಣ ಬರುತ್ತದೆ, ಹಾವಿನ ಹೆಸರೂ.
ಆಮೇಲೆ ಸಿಲಿಕಾ ಕರಗಿದ ಬಿಸಿನೀರು
ಇನ್ನೊಂದು ಸುತ್ತು ಬಂತೋ,
ಹಸಿರು ಬಿಟ್ಟು, ಬಿಗಿ ಬಿಟ್ಟು, ಜಾರುಜಾರಾಗಿ
ಬಳಪ.

ಎರಡಕ್ಕೂ ಅದೇ ಮೆಗ್ನೀಷಿಯಂ, ಅದೇ ಸಿಲಿಕಾ, ಅದೇ ನೀರು.
ಬಳಪದ ಹಾಳೆಗೆ ಎರಡೂ ಬದಿ ಅಸ್ತರ;
ಸಪಾಟಾಗಿ ಮಲಗುತ್ತದೆ,
ಇಸ್ಪೀಟಿನ ಎಲೆಯಂತೆ ಒಂದರ ಮೇಲೊಂದು ಜಾರುತ್ತದೆ.
ಅದರ ಅಕ್ಕನಿಗೆ ಒಂದೇ ಬದಿ ಅಸ್ತರ,
ಅದೂ ಅಳತೆಯಲ್ಲಿ ತುಸು ಬಿಗಿ.
ಸೆಳೆತಕ್ಕೆ ತಾನೇ ಸುರುಳಿ ಸುತ್ತಿಕೊಂಡು
ಕೊಳವೆಯಾಗಿ, ನೂಲಾಗಿ,
ಬೆಂಕಿಗೆ ಹೆದರದ ಹತ್ತಿಯಾಗುತ್ತದೆ.

ಹಡಗಿನ ಎಂಜಿನ್ ಕೋಣೆಯ ಪೈಪುಗಳಿಗೆ
ಅದನ್ನೇ ಸುತ್ತಿದ್ದರು.
ಸುಲಿದು ತೆಗೆದ ಮೇಲೇ ಗೆರೆ.
ಅಪ್ಪ ಕೂದಲ ತುಂಬ ಬಿಳಿ ಅರಳೆ ಹೊತ್ತು ಬರುತ್ತಿದ್ದ,
ಅವ್ವ ಬಾಗಿಲಲ್ಲೇ ನಿಲ್ಲಿಸಿ ಸೆರಗಿನಿಂದ ಝಾಡಿಸುತ್ತಿದ್ದಳು.
ಒಮ್ಮೆ ನನ್ನ ಗೊಂಬೆಯ ದಿಂಬಿಗೆಂದು ಹಿಡಿಯಷ್ಟು ತಂದ.
ಅವ್ವ ಹೊಲಿದುಕೊಟ್ಟಳು.
ಬಹಳ ಮೆತ್ತಗಿತ್ತು.

ಶಿವಡಿಯ ಆಸ್ಪತ್ರೆಯಲ್ಲಿ ಡಾಕ್ಟರು
ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರು.
"ಪಾಟಿ," ಎಂದ ಅಪ್ಪ.
ಹಾಗೇ ಇತ್ತು. ಕರಿ ಪಾಟಿಯ ಅಂಚಿಗೆ
ಬಿಳಿ ಗೀಚುಗಳು,
ಯಾರೋ ಹೊಸದಾಗಿ ತಿದ್ದಲು ಕೂತ ಹಾಗೆ.
"ಬಳಪದ್ದೇನ ಇದು?"
ಅಲ್ಲಪ್ಪ, ಎಂದೆ. ಅಕ್ಕನದು.
ಅವನು ಹೆಬ್ಬೆರಳಿಗೆ ಎಂಜಲು ಹಚ್ಚಿ
ಹಾಳೆಯನ್ನು ಒರೆಸಲು ಹೋದ.
ಡಾಕ್ಟರು ಬೈಯಲಿಲ್ಲ.

ಅವನ ಕಿವಿಯ ಮೇಲಿದ್ದ ಕೊನೆಯ ತುಂಡನ್ನು
ಒಂದು ಶನಿವಾರ, ಯಾರೂ ಇಲ್ಲದಾಗ,
ಪ್ರಯೋಗಾಲಯದ ಕುಲುಮೆಗಿಟ್ಟೆ.
ಸಾವಿರ ಡಿಗ್ರಿಗೆ ಅದು ತನ್ನ ನೀರು ಬಿಟ್ಟುಕೊಟ್ಟಿತು.
ತೂಗಿದೆ: ನೂರರಲ್ಲಿ ಐದು ಪಾಲೂ ಇಲ್ಲ.
ಅಷ್ಟೇ ನೀರು ಅದನ್ನು ಮೆದುವಾಗಿ ಇಟ್ಟಿದ್ದು.
ಆರಿದ ಮೇಲೆ ಉಗುರು ತಾಕಿಸಿದೆ, ಉಗುರೇ ಸವೆಯಿತು.
ಪಾಟಿಯ ಮೇಲೆ ನನ್ನ ಹೆಸರು ಬರೆಯಹೋದೆ.
ಅದು ಬರೆಯಲಿಲ್ಲ,
ಪಾಟಿಯನ್ನೇ ಗೀರಿತು.

ಪೆಟ್ಟಿಗೆಯ ಮೊದಲ ಗುಳಿಗೆ ಅದೀಗ ಸಲ್ಲುವುದಿಲ್ಲ.
ಮೇಜಿನ ಖಾನೆಯಲ್ಲಿದೆ,
ರೈಲು ಪಾಸಿನ ಪಕ್ಕ.