ಏಳು ಕೂಗು

ತಾರ್ತು ಊರಿನ ನದಿ ಹೆಪ್ಪುಗಟ್ಟಿದ ವಾರ
ಮೂರನೆ ಮಹಡಿಯಲ್ಲಿ ಕೂತು ನಿನ್ನನ್ನು ಸವರುತ್ತಿದ್ದೇನೆ.
ಅರವತ್ತು ಲಕ್ಷ ತೂಕಗಳು ನಿನ್ನೊಳಗೆ;
ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯಲ್ಲಿ
ಎರಡು ಲಕ್ಷಕ್ಕಷ್ಟೇ ಜಾಗ.
ಏಪ್ರಿಲ್ ಬಂದರೆ ಮತ್ಸಾಲು ಜೌಗಿನ ಜೊಂಡಿನಲ್ಲಿ
ಒಂದೇ ಸೆಲ್ಲಿನ ಕಾವಲಿಗೆ ಎರಡು ತಿಂಗಳು
ಹಕ್ಕಿ ಕೂಗಿದಾಗೆಲ್ಲ ಹೆಸರು ಬರೆಯಬೇಕು ನೀನು.

ಮೊದಲು ಸಣ್ಣವನ್ನು ಕಿತ್ತೆ.
ಸೊನ್ನೆಯ ಪಕ್ಕ ಇದ್ದೂ ಇಲ್ಲದಂತಿದ್ದವು,
ಯಾರು ಕೇಳುತ್ತಾರೆ ಎಂದು.
ಗೂಬೆ ಹೋಯಿತು. ಬೆಳಗಾಗುವಷ್ಟರಲ್ಲಿ
ಗೂಬೆ ಕೂಗಿದರೆ ಬಾಗಿಲು ಎನ್ನತೊಡಗಿದ್ದೆ.

ಮುದುಕ ವಾಂಬೊಲ ಕಿಟಕಿಯ ಹಬೆಯ ಮೇಲೆ
ಬೆರಳಲ್ಲಿ ಕಣಿವೆಯೊಂದನ್ನು ಗೀಚಿದ:
"ಗಾತ್ರ ನೋಡಬೇಡ ಮಾರಿಕ, ಬಾಗು ನೋಡು.
ಅಗಲ ತಳದಲ್ಲಿ ಬಂಡೆ ಸರಿಸಿದರೂ ತಪ್ಪು ಏರದು.
ಕಡಿದಾದ ಕಡೆ
ಕೂದಲೆಳೆ ಜರುಗಿದರೂ ಸಾಕು."
ಕಣಿವೆ ನೀರಾಗಿ ಚೌಕಟ್ಟಿಗಿಳಿಯಿತು.
ಬಾಗಿನ ಲೆಕ್ಕಕ್ಕೆ ಕೂತೆ, ಒಂದೊಂದೇ.

ಇನ್ನೊಂದು ದಿನ, ಚಹಾ ಆರುತ್ತಿರುವಾಗ, ಅವನದೇ ಕಥೆ:
ಹಿಂದೆ ಹೆಸರುಗಳನ್ನೆಲ್ಲ ಕಲಸಿ
ಕೋಗಿಲೆಗೆ ಬಾತು, ಬಾತಿಗೆ ಗಾಳಿ ಎಂದು ಚೀಟಿ ಹಚ್ಚಿ
ನಿನ್ನಂಥದೊಂದು ಜಾಲಕ್ಕೆ ಕಲಿಸಿದ್ದನಂತೆ.
ಕಲಿತುಬಿಟ್ಟಿತು! ನೂರಕ್ಕೆ ನೂರು.
ಕುಗ್ಗಿಸಹೋದರೆ ಮಾತ್ರ
ಹಿಡಿ ತೂಕ ತೆಗೆದರೂ ಪೂರಾ ಕುಸಿತ.
"ಉರು ಹೊಡೆದವನ ಗಂಟು ಅದು,
ಬಿಚ್ಚಲೂ ಆಗದು, ಇಳಿಸಲೂ ಆಗದು.
ಅರಿತವನ ಗಂಟು ಕಿರಿದಾಗುತ್ತದೆ,
ಕಿರಿದಾದದ್ದೇ ಸಾಕ್ಷಿ,
ಎಂದೂ ಕೇಳದ ಕೂಗಿಗೂ ಅದು ಕಿವಿಗೊಟ್ಟೀತು.
ಇಷ್ಟೇ ಪ್ರಮೇಯ. ಉಳಿದ ನಲವತ್ತು ಪುಟ
'ಎಷ್ಟು' ಎಂಬುದರ ಜಗಳ."

ಫೆಬ್ರವರಿ ಕೊನೆಗೆ ನೀನು ಎರಡು ಲಕ್ಷಕ್ಕಿಳಿದೆ.
ದಶಮಾಂಶಗಳ ಬಾಲ ಕತ್ತರಿಸಿ
ಹದಿನಾರೇ ಮೆಟ್ಟಿಲ ಮೇಲೆ ಎಲ್ಲರನ್ನೂ ನಿಲ್ಲಿಸಿದೆ.
ನೂರಕ್ಕೆ ತೊಂಬತ್ತನಾಲ್ಕು; ಮೊದಲೂ ಅಷ್ಟೇ.
ವಾಂಬೊಲ ಉಣ್ಣೆಯ ಟೋಪಿ ತೆಗೆದು ನಿನಗೆ ತಲೆಬಾಗಿದ.

ಸರಾಸರಿ ದಪ್ಪ ಕಂಬಳಿ.
ರಾತ್ರಿ ಒಬ್ಬಳೇ ಎತ್ತಿ ನೋಡಿದೆ.

ರೋಹುನೆಪ್,
ಒದ್ದೆ ಹುಲ್ಲಿನಲ್ಲಿ ಕೂತು
ಬಾಚಣಿಗೆಯ ಹಲ್ಲಿಗೆ ಉಗುರೆಳೆದಂತೆ ಕೂಗುವ ಹಕ್ಕಿ.
ನಮ್ಮಲ್ಲಿರುವುದು ಏಳೇ ಕೂಗು,
ಎರಡು ನಾನೇ ಮೊಣಕಾಲುದ್ದ ಕೆಸರಲ್ಲಿ ನಿಂತು ಹಿಡಿದದ್ದು.
ಏಳಕ್ಕೂ ನೀನು ಹೇಳಿದೆ: ಮೌನ.

ಪ್ರಮೇಯವನ್ನು ಮತ್ತೆ ಓದಿದೆ. ತಪ್ಪಿಲ್ಲ.
ಕೊನೆಯ ಸಾಲಿನ ಪುಟ್ಟ ಎಪ್ಸಿಲಾನ್,
ಕೊಕ್ಕೆಯಂಥ ಅಕ್ಷರ,
ಅದರ ಬಾಗಿನಲ್ಲಿ ಏಳೂ ಆರಾಮಾಗಿ ಹಿಡಿಸುತ್ತವೆ.

ಪೆಟ್ಟಿಗೆಯಲ್ಲಿ ಇನ್ನು ಮುನ್ನೂರು ತೂಕಕ್ಕೆ ಜಾಗವಿದೆ.
ಕಿತ್ತವರ ಪಟ್ಟಿ ಮುಂದಿದೆ, ಐವತ್ತೆಂಟು ಲಕ್ಷ ಸಾಲು.
ಯಾರನ್ನು ವಾಪಸು ಕರೆಯಲಿ, ನೀನೇ ಹೇಳು.

ಹೊರಗೆ ನದಿಯ ಹಿಮ ಬಿರಿಯುತ್ತದೆ.
ನೀನು ಬರೆಯುತ್ತೀ: ಬಾಗಿಲು.